ಬೀರುವಿನೊಳಗಿನ ಕ್ಯಾಸೆಟ್‌ಗಳು: ಹಿರಿಯರ ಧ್ವನಿ ಎಂಬ ಅಮಾನತ್

ಶಿರಾದ ಜುಮಾ ಮಸೀದಿ ಕಟ್ಟಿದ್ದು 1696ರಲ್ಲಿ. ಅದೇ ಊರಿನ ಮಲಿಕ್ ರಿಹಾನ್ ದರ್ಗಾ ಇನ್ನೂ ಹಳೆಯದು, 1651ರದ್ದು. ಎರಡೂ ಕಲ್ಲಿನ ಕಟ್ಟಡಗಳು. ಬಿಸಿಲು, ಮಳೆ, ರಾಜ್ಯಗಳ ಏಳುಬೀಳು ಎಲ್ಲವನ್ನೂ ಕಂಡು ಇಂದಿಗೂ ನಿಂತಿವೆ. ಆದರೆ ಮೂವತ್ತು ವರ್ಷಗಳ ಹಿಂದೆ ನಮ್ಮ ಮಸೀದಿಗಳ ಮಿಂಬರಿನಿಂದ ಕೇಳಿಬಂದ ಬಯಾನ್‌ಗಳು ಈಗ ಎಲ್ಲಿವೆ ಎಂದು ಮಕ್ಕಳು ಕೇಳಿದರೆ ನಾವು ಏನು ತೋರಿಸುತ್ತೇವೆ? ಮುನ್ನೂರು ವರ್ಷದ ಕಲ್ಲು ನಮ್ಮ ಕಣ್ಣೆದುರಿಗಿದೆ. ಮೂವತ್ತು ವರ್ಷದ ಧ್ವನಿ ಮಾತ್ರ ಕೈಜಾರುತ್ತಿದೆ.

ಹುಲಿಕುಂಟೆ ಹೋಬಳಿಯ ಹಳ್ಳಿಗಳಿರಲಿ, ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡದ ಮೊಹಲ್ಲಾಗಳಿರಲಿ, ಹಳೆಯ ಬೀರುವಿನ ಕೆಳಗಿನ ಅರೆಯಲ್ಲಿ ಒಂದಿಷ್ಟು ಕ್ಯಾಸೆಟ್‌ಗಳಿರುವುದು ಅಪರೂಪವಲ್ಲ. ಎಂಬತ್ತು ಮತ್ತು ತೊಂಬತ್ತರ ದಶಕಗಳಲ್ಲಿ ಟೇಪ್ ರೆಕಾರ್ಡರ್ ಮನೆಮನೆಗೆ ಬಂತು. ರಂಜಾನಿನ ಬಯಾನ್, ಮಿಲಾದ್ ಜಲ್ಸಾದ ನಾತ್, ಗಲ್ಫಿನಲ್ಲಿದ್ದ ಮಗನಿಗೆ ತಾಯಿ ಕ್ಯಾಸೆಟ್‌ನಲ್ಲಿ ಮಾತಾಡಿ ಕಳಿಸಿದ ಪತ್ರ, ಮದುವೆಯ ವಿಎಚ್‌ಎಸ್ ಟೇಪು, ಹೀಗೆ ಬಗೆಬಗೆಯ ದಾಖಲೆ ನಮ್ಮ ಮನೆಗಳಲ್ಲಿ ಸೇರಿಕೊಂಡಿತು. ಅವುಗಳಲ್ಲಿ ಮಾತಾಡಿದವರಲ್ಲಿ ಅನೇಕರು ಇಂದು ಖಬರಸ್ತಾನದಲ್ಲಿ ಮಲಗಿದ್ದಾರೆ. ಟೇಪು ಮಾತ್ರ ಬೀರುವಿನಲ್ಲಿದೆ, ಅದನ್ನು ನುಡಿಸುವ ಯಂತ್ರ ಮನೆಯಲ್ಲಿಲ್ಲ.

ಪ್ರತಿ ತಿಂಗಳು ಈ ಪುಟಗಳಲ್ಲಿ ನಾವು ಜುಮಾ ಖುತ್ಬಾಗಳ ಸಾರಾಂಶ ಓದುತ್ತೇವೆ. ಸಾರಾಂಶದಲ್ಲಿ ವಿಷಯ ಉಳಿಯುತ್ತದೆ. ಹೇಳಿದವರ ದನಿ, ನಡುವೆ ತಡೆದು ನಿಂತ ಕ್ಷಣ, ಉರ್ದುವಿನಿಂದ ಕನ್ನಡಕ್ಕೆ, ಕನ್ನಡದಿಂದ ದಖನಿಗೆ ಹೊರಳಿದ ಮಾತಿನ ಧಾಟಿ ಅಚ್ಚಿನಲ್ಲಿ ಉಳಿಯುವುದಿಲ್ಲ. ಅದಕ್ಕೆ ಧ್ವನಿಮುದ್ರಿಕೆಯೇ ಬೇಕು. ಧ್ವನಿ ಮತ್ತು ದೃಶ್ಯದ ದಾಖಲೆಗಳು ಏಕೆ ನಾಶವಾಗುತ್ತವೆ, ಜಗತ್ತು ಅವನ್ನು ಉಳಿಸಲು ಏನು ಮಾಡುತ್ತಿದೆ, ನಮ್ಮ ಮನೆ ಮತ್ತು ಜಮಾಅತ್‌ಗಳಲ್ಲಿ ನಾವು ಏನು ಮಾಡಬಹುದು ಎಂಬುದನ್ನು ಇಲ್ಲಿ ನೋಡೋಣ.

ಟೇಪು ಕೆಡುವುದು ಹೇಗೆ?

ಕ್ಯಾಸೆಟ್‌ನ ಟೇಪು ಎಂದರೆ ತೆಳುವಾದ ಪ್ಲಾಸ್ಟಿಕ್ ಪಟ್ಟಿ. ಅದರ ಮೇಲೆ ಕಬ್ಬಿಣದ ಆಕ್ಸೈಡಿನ ಸಣ್ಣ ಕಣಗಳನ್ನು ಅಂಟಿನಿಂದ ಹಿಡಿಸಿರುತ್ತಾರೆ. ನಾವು ಮಾತಾಡಿದ್ದು ಆ ಕಣಗಳ ಕಾಂತೀಯ ಗುರುತಾಗಿ ಉಳಿಯುತ್ತದೆ. ಅಂಟು ತೇವ ಹೀರಿಕೊಂಡರೆ ಮೆತ್ತಗಾಗುತ್ತದೆ, ಟೇಪು ಯಂತ್ರದ ತಲೆಗೆ ಮೆತ್ತಿಕೊಳ್ಳುತ್ತದೆ, ಕಣಗಳು ಉದುರುತ್ತವೆ. ಉದುರಿದ ಕಣದ ಜೊತೆ ಮಾತೂ ಹೋಯಿತು. ಬೇಸಿಗೆಯಲ್ಲಿ ತಗಡಿನ ಸೂರಿನ ಕೆಳಗಿನ ಅಟ್ಟದಲ್ಲಿಟ್ಟ ಟೇಪು ಬಿಸಿಗೆ ಸುಕ್ಕಾಗುತ್ತದೆ. ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ. ನಮ್ಮದು ಒಣ ಸೀಮೆ ಎಂಬುದು ಸ್ವಲ್ಪ ಅನುಕೂಲ. ಆದರೆ ಇಲ್ಲಿನ ಧೂಳು ಮತ್ತು ಬಿಸಿಲು ಆ ಅನುಕೂಲವನ್ನು ಬಹುಪಾಲು ಕಿತ್ತುಕೊಳ್ಳುತ್ತವೆ.

ಎರಡನೆಯ ತೊಂದರೆ ಯಂತ್ರದ್ದು. ಫಿಲಿಪ್ಸ್ ಕಂಪನಿ ಕ್ಯಾಸೆಟ್ಟನ್ನು ಹೊರತಂದದ್ದು 1963ರಲ್ಲಿ, ಜೆವಿಸಿ ಕಂಪನಿ ವಿಎಚ್‌ಎಸ್ ತಂದದ್ದು 1976ರಲ್ಲಿ. ವಿಎಚ್‌ಎಸ್ ಯಂತ್ರ ತಯಾರಿಸುತ್ತಿದ್ದ ಕೊನೆಯ ದೊಡ್ಡ ಕಂಪನಿ, ಜಪಾನಿನ ಫುನಾಯ್, 2016ರಲ್ಲಿ ತಯಾರಿಕೆ ನಿಲ್ಲಿಸಿತು. ಈಗ ಇರುವುದು ಹಳೆಯ ಯಂತ್ರಗಳು ಮಾತ್ರ. ಬಿಡಿಭಾಗ ಸಿಗುವುದಿಲ್ಲ, ರಿಪೇರಿ ಬಲ್ಲ ಮೆಕ್ಯಾನಿಕ್‌ಗಳು ವಯಸ್ಸಾಗಿ ಅಂಗಡಿ ಮುಚ್ಚುತ್ತಿದ್ದಾರೆ. ಟೇಪು ಗಟ್ಟಿಯಾಗಿದ್ದರೂ ನುಡಿಸುವವರಿಲ್ಲದಿದ್ದರೆ ಅದು ಬೀಗದ ಕೈ ಕಳೆದುಹೋದ ಪೆಟ್ಟಿಗೆಯಂತೆ. ಇದನ್ನು ಮನಗಂಡೇ ಯುನೆಸ್ಕೊ ಸಂಸ್ಥೆ, ಧ್ವನಿ ಸಂಗ್ರಹಾಲಯಗಳ ಅಂತಾರಾಷ್ಟ್ರೀಯ ಸಂಘದ ಜೊತೆಗೂಡಿ, 2019ರಲ್ಲಿ ಕಾಂತೀಯ ಟೇಪುಗಳ ಬಗ್ಗೆ ಜಗತ್ತಿಗೇ ಎಚ್ಚರಿಕೆ ಕೊಟ್ಟಿತು. 2025ರ ಹೊತ್ತಿಗೆ ಟೇಪುಗಳನ್ನು ನುಡಿಸುವುದು ಬಹುತೇಕ ಕಡೆ ಕಷ್ಟವಾಗಲಿದೆ ಎಂಬುದು ಅದರ ಸಾರ. ಆ ಗಡುವು ಬಂದೂ ಆಯಿತು.

ಕಳೆದುಹೋದದ್ದು, ಉಳಿದುಕೊಂಡದ್ದು

ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನಾ' 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ತೆರೆಕಂಡಿತು. ಇಂದು ಅದರ ಒಂದು ಪ್ರತಿಯೂ ಸಿಗುವುದಿಲ್ಲ. ಭಾರತದ ಮೊದಲ ವಾಕ್ಚಿತ್ರ 'ಆಲಂ ಆರಾ' 1931ರ ಮಾರ್ಚ್ 14ರಂದು ಮುಂಬಯಿಯ ಮೆಜೆಸ್ಟಿಕ್ ಚಿತ್ರಮಂದಿರದಲ್ಲಿ ಬಿಡುಗಡೆಯಾಯಿತು. ಅದೂ ಹಾಗೆಯೇ ಕಣ್ಮರೆಯಾಗಿದೆ. ಪುಣೆಯಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಆರಂಭವಾದದ್ದು 1964ರಲ್ಲಿ. ಅಷ್ಟರೊಳಗೆ ಎಷ್ಟೋ ಚಿತ್ರಗಳು ಹಾಳಾಗಿದ್ದವು. ಹಳೆಯ ಕಾಲದ ನೈಟ್ರೇಟ್ ಫಿಲಂ ಬಹುಬೇಗ ಹೊತ್ತಿಕೊಳ್ಳುವ ವಸ್ತು. 2003ರ ಜನವರಿಯಲ್ಲಿ ಪುಣೆಯಲ್ಲಿ ಅಂಥ ಫಿಲಂಗಳಿದ್ದ ಉಗ್ರಾಣಕ್ಕೇ ಬೆಂಕಿ ಬಿದ್ದು, ಕಾಪಾಡಿಟ್ಟವೂ ಸುಟ್ಟುಹೋದವು. ಸಿನಿಮಾ ನೋಡುವುದು, ಬಿಡುವುದು ಬೇರೆ ಮಾತು. ಲಕ್ಷಾಂತರ ಜನ ಕಂಡು ಕೇಳಿದ ವಸ್ತುವೂ ಕಾಪಿಡುವವರಿಲ್ಲದೆ ಹೇಗೆ ಇಲ್ಲವಾಗುತ್ತದೆ ಎಂಬುದು ಇಲ್ಲಿ ನಾವು ಗಮನಿಸಬೇಕಾದ ಪಾಠ.

ಉಳಿದವುಗಳ ಕಥೆಯನ್ನೂ ಕೇಳಬೇಕು. ಗಾಯಕಿ ಗೌಹರ್ ಜಾನ್ 1902ರಲ್ಲಿ ಗ್ರಾಮಫೋನ್ ತಟ್ಟೆಗಳಿಗೆ ಹಾಡಿದರು. ಜೀವನದ ಕೊನೆಯ ದಿನಗಳನ್ನು ಮೈಸೂರು ಅರಮನೆಯ ಆಶ್ರಯದಲ್ಲಿ ಕಳೆದು, 1930ರ ಜನವರಿಯಲ್ಲಿ ಮೈಸೂರಿನಲ್ಲೇ ತೀರಿಕೊಂಡರು. ಸುಮಾರು ಮೂರು ನಿಮಿಷದ ಆ ತಟ್ಟೆಗಳಲ್ಲಿ ಹಾಡು ಮುಗಿದ ಕೂಡಲೇ ಅವರು ತಮ್ಮ ಹೆಸರನ್ನು ತಾವೇ ಹೇಳುವುದು ಕೇಳಿಸುತ್ತದೆ. ತಟ್ಟೆಗಳನ್ನು ಅಚ್ಚೊತ್ತಲು ಜರ್ಮನಿಗೆ ಕಳಿಸುತ್ತಿದ್ದರು. ಅಲ್ಲಿನ ಕೆಲಸಗಾರರಿಗೆ ಇದು ಯಾರ ಹಾಡು ಎಂದು ತಿಳಿಯಲಿ ಎಂಬುದು ಅದರ ಉದ್ದೇಶ. ನೂರಿಪ್ಪತ್ತು ವರ್ಷಗಳ ನಂತರವೂ ಆ ಧ್ವನಿ ಯಾರದೆಂದು ಯಾರೂ ಊಹಿಸಬೇಕಾಗಿಲ್ಲ.

ಇನ್ನೊಂದು ಉದಾಹರಣೆ ಜರ್ಮನಿಯದೇ. ಮೊದಲ ಮಹಾಯುದ್ಧದಲ್ಲಿ ಸೆರೆಸಿಕ್ಕ ಮುಸ್ಲಿಮ್ ಸೈನಿಕರನ್ನು ಬರ್ಲಿನ್ ಬಳಿಯ ವುನ್ಸ್‌ಡಾರ್ಫ್ ಶಿಬಿರದಲ್ಲಿ ಇಟ್ಟಿದ್ದರು. ಅವರಲ್ಲಿ ಭಾರತೀಯರೂ ಇದ್ದರು. 1915ರಲ್ಲಿ ಅಲ್ಲೊಂದು ಮರದ ಮಸೀದಿಯನ್ನೂ ಕಟ್ಟಲಾಯಿತು. ಭಾಷೆಗಳನ್ನು ಅಭ್ಯಾಸ ಮಾಡುತ್ತಿದ್ದ ಪಂಡಿತರು ಆ ಕೈದಿಗಳ ಮಾತು, ಹಾಡುಗಳನ್ನು ತಟ್ಟೆಗಳಲ್ಲಿ ಮುದ್ರಿಸಿಕೊಂಡರು. ಮಸೀದಿಯನ್ನು ಮುಂದೆ ಕೆಡವಲಾಯಿತು. ಮನೆಯಿಂದ ಸಾವಿರಾರು ಮೈಲು ದೂರದಲ್ಲಿದ್ದ ಆ ಸೈನಿಕರ ಧ್ವನಿ ಮಾತ್ರ ಇಂದಿಗೂ ಬರ್ಲಿನ್ನಿನ ಹುಂಬೋಲ್ಟ್ ವಿಶ್ವವಿದ್ಯಾಲಯದ ಧ್ವನಿ ಸಂಗ್ರಹದಲ್ಲಿದೆ. ಇಲ್ಲಿ ಕಟ್ಟಡಕ್ಕಿಂತ ಧ್ವನಿಯೇ ಹೆಚ್ಚು ಬಾಳಿತು. ಕಾರಣ ಇಷ್ಟೆ, ಅದನ್ನು ಕಾಯುವುದು ತಮ್ಮ ಕೆಲಸ ಎಂದು ಯಾರೋ ಭಾವಿಸಿದರು.

ನಮ್ಮ ಕರ್ನಾಟಕದಲ್ಲೂ ಒಳ್ಳೆಯ ಮಾದರಿಗಳಿವೆ. 1990ರ ಡಿಸೆಂಬರಿನಲ್ಲಿ ದಕ್ಷಿಣ ಕನ್ನಡದ ಗೋಪಾಲ ನಾಯ್ಕರು ಹಾಡಿದ ತುಳು ಸಿರಿ ಮಹಾಕಾವ್ಯವನ್ನು ಫಿನ್ಲೆಂಡಿನ ಲೌರಿ ಹೊಂಕೊ, ನಮ್ಮ ಬಿ.ಎ. ವಿವೇಕ ರೈ ಮತ್ತು ಚಿನ್ನಪ್ಪ ಗೌಡರು ಸೇರಿ ಧ್ವನಿ ಮತ್ತು ವಿಡಿಯೊ ಎರಡರಲ್ಲೂ ದಾಖಲಿಸಿದರು. ಬರೆದಾಗ ಅದು 15,683 ಸಾಲಾಯಿತು. ಅಕ್ಷರ ಕಲಿಯದ ಕೃಷಿಕನ ಬಾಯಲ್ಲಿದ್ದ ಕಾವ್ಯ ಜಗತ್ತಿನ ವಿದ್ವಾಂಸರ ಮೇಜಿಗೆ ಬಂತು. ನಮ್ಮ ಶಿರಾ ಸೀಮೆಯಲ್ಲೇ ಕಾಡುಗೊಲ್ಲರು ಗಣೆ ಊದುತ್ತಾ ಜುಂಜಪ್ಪನ ಕಾವ್ಯ ಹಾಡುತ್ತಾರೆ. ನಮ್ಮ ಹೆಣ್ಣುಮಕ್ಕಳ ಬಾಯಲ್ಲಿ ಮದುವೆ ಮನೆಯ ಢೋಲಕ್ ಹಾಡುಗಳಿವೆ, ಜೋಗುಳಗಳಿವೆ. ಬಿಜಾಪುರದ ಸೂಫಿಗಳ ಕಾಲದಿಂದ ದಖನಿಯಲ್ಲಿ ಬೀಸುವ ಕಲ್ಲಿನ ಹಾಡುಗಳ ಪರಂಪರೆಯೇ ಇತ್ತು. ಬೀಸುವ ಕಲ್ಲು ಹೋಯಿತು. ಹಾಡು ಬಲ್ಲ ಅಜ್ಜಿಯರು ಇನ್ನೂ ಕೆಲವರಿದ್ದಾರೆ.

ಫೋನಿನಲ್ಲಿದೆಯಲ್ಲ, ಮತ್ತೇನು ಚಿಂತೆ?

ಈಗ ಪ್ರತಿ ಜುಮಾದ ಬಯಾನ್ ಫೋನಿನಲ್ಲಿ ಮುದ್ರಣವಾಗುತ್ತದೆ, ಗ್ರೂಪಿಗೆ ಹೋಗುತ್ತದೆ. ಹಾಗಾಗಿ ಎಲ್ಲವೂ ಉಳಿಯುತ್ತದೆ ಎಂಬ ಭಾವನೆ ನಮ್ಮಲ್ಲಿದೆ. ನಿಜ ಸಂಗತಿ ಬೇರೆ. ಫೋನಿನ ಜಾಗ ತುಂಬಿದಾಗ ನಾವು ಮೊದಲು ಅಳಿಸುವುದು ಇಂಥವನ್ನೇ. ವಾಟ್ಸಾಪ್ ಮೂಲಕ ಹೋದ ವಿಡಿಯೊ ಕುಗ್ಗಿ ಹೋಗುತ್ತದೆ. ಕೈಯಿಂದ ಕೈಗೆ ದಾಟಿದ ಕಡತದಲ್ಲಿ ಯಾರು, ಯಾವಾಗ, ಎಲ್ಲಿ ಎಂಬ ವಿವರ ಉಳಿಯುವುದಿಲ್ಲ. ಯೂಟ್ಯೂಬ್ ಚಾನೆಲ್ ನಡೆಸುತ್ತಿದ್ದ ಹುಡುಗ ಊರು ಬಿಟ್ಟರೆ ಪಾಸ್‌ವರ್ಡ್ ಅವನೊಂದಿಗೇ ಹೋಯಿತು. ಪೆನ್‌ಡ್ರೈವ್ ಇದ್ದಕ್ಕಿದ್ದಂತೆ ತೆರೆಯದೇ ಹೋಗುತ್ತದೆ. ಮನೆಯಲ್ಲಿ ಬರೆದ ಸಿ.ಡಿ.ಗಳ ಬಣ್ಣದ ಪದರ ಮಾಸುತ್ತದೆ. ಹಾರ್ಡ್ ಡಿಸ್ಕ್ ಐದು ವರ್ಷ ದಾಟಿದ ಮೇಲೆ ಅದರ ಮೇಲೆ ಭರವಸೆ ಇಡುವಂತಿಲ್ಲ.

2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆಗಿ ಮಸೀದಿಗಳ ಬಾಗಿಲು ಮುಚ್ಚಿದ ದಿನಗಳನ್ನು ನೆನೆಯಿರಿ. ಆ ರಂಜಾನಿನಲ್ಲಿ ಉಲಮಾಗಳು ಫೋನಿನ ಮೂಲಕವೇ ನಮಗೆ ಧೈರ್ಯ ಹೇಳಿದರು. ಮನೆಯಲ್ಲೇ ನಮಾಜ್ ಮಾಡಿ ಎಂದು ತಿಳಿಹೇಳಿದರು. ನಮ್ಮ ಮೊಮ್ಮಕ್ಕಳು ಚರಿತ್ರೆಯಲ್ಲಿ ಓದಲಿರುವ ದಿನಗಳವು. ಆ ಧ್ವನಿಗಳಲ್ಲಿ ಎಷ್ಟು ನಮ್ಮ ಫೋನುಗಳಲ್ಲಿ ಉಳಿದಿವೆ ಎಂದು ಇಂದೇ ಒಮ್ಮೆ ಹುಡುಕಿ ನೋಡಿ. ಉತ್ತರ ನಿಮಗೇ ತಿಳಿಯುತ್ತದೆ.

ನಮ್ಮ ರೈತರು ಬಿತ್ತನೆಯ ಶೇಂಗಾವನ್ನು ಒಂದೇ ಮೂಟೆಯಲ್ಲಿ ಕಟ್ಟಿ ಒಂದೇ ಮೂಲೆಯಲ್ಲಿ ಇಡುವುದಿಲ್ಲ. ಒಂದಕ್ಕೆ ಹುಳ ಬಿದ್ದರೆ ಇನ್ನೊಂದಾದರೂ ಉಳಿಯಲಿ ಎಂದು ಬೇರೆ ಕಡೆಯೂ ಇಡುತ್ತಾರೆ. ಧ್ವನಿ ಕಾಪಿಡುವವರ ನಿಯಮವೂ ಇದೇ. ಮೂರು ಪ್ರತಿ ಇರಬೇಕು, ಅವು ಎರಡು ಬಗೆಯ ಸಾಧನಗಳಲ್ಲಿರಬೇಕು, ಒಂದು ಪ್ರತಿ ಬೇರೆ ಊರಿನಲ್ಲಿ ಅಥವಾ ಬೇರೆ ಮನೆಯಲ್ಲಿರಬೇಕು. ಒಂದು ಹಾರ್ಡ್ ಡಿಸ್ಕ್ ಮನೆಯಲ್ಲಿ, ಇನ್ನೊಂದು ತುಮಕೂರಿನಲ್ಲಿರುವ ಅಣ್ಣನ ಮನೆಯಲ್ಲಿ, ಮೂರನೆಯದು ಇಂಟರ್ನೆಟ್‌ನ ಖಾತೆಯಲ್ಲಿ. ಇಷ್ಟು ಮಾಡಿದರೆ ಬೆಂಕಿ, ಕಳವು, ಕೆಟ್ಟುಹೋಗುವಿಕೆ ಮೂರೂ ಒಟ್ಟಿಗೆ ಬಂದರೂ ಒಂದು ಪ್ರತಿ ಉಳಿದೀತು.

ಮನೆಯಲ್ಲಿ ಮಾಡಬಹುದಾದ ಕೆಲಸ

ಮೊದಲು ಕ್ಯಾಸೆಟ್‌ಗಳನ್ನು ಅಟ್ಟದಿಂದ ಇಳಿಸಿ, ತಂಪಾದ, ಒಣ ಜಾಗದಲ್ಲಿ ಪುಸ್ತಕದಂತೆ ನೇರವಾಗಿ ನಿಲ್ಲಿಸಿಡಿ. ಸ್ಪೀಕರ್ ಮತ್ತು ಮೋಟಾರುಗಳಲ್ಲಿ ಆಯಸ್ಕಾಂತ ಇರುವುದರಿಂದ ಅವುಗಳ ಹತ್ತಿರ ಇಡಬೇಡಿ. ಕ್ಯಾಸೆಟ್‌ನ ಮೇಲಂಚಿನಲ್ಲಿರುವ ಎರಡು ಸಣ್ಣ ಪ್ಲಾಸ್ಟಿಕ್ ಹಲ್ಲುಗಳನ್ನು ಮುರಿದುಬಿಡಿ. ಆಗ ಯಾರಾದರೂ ತಪ್ಪಿ ರೆಕಾರ್ಡ್ ಗುಂಡಿ ಒತ್ತಿದರೂ ಹಳೆಯದು ಅಳಿಸಿಹೋಗುವುದಿಲ್ಲ. ಬಿಳಿ ಬೂಷ್ಟು ಹಿಡಿದ ಟೇಪನ್ನು ಯಂತ್ರಕ್ಕೆ ಹಾಕಲೇಬೇಡಿ. ಟೇಪೂ ಹರಿದೀತು, ಬೂಷ್ಟು ಯಂತ್ರದ ಮೂಲಕ ಉಳಿದ ಟೇಪುಗಳಿಗೂ ಹರಡೀತು. ಅಂಥದ್ದನ್ನು ಬೇರೆ ಚೀಲದಲ್ಲಿಟ್ಟು ಬಲ್ಲವರಿಗೆ ತೋರಿಸಬೇಕು. ಟೇಪಿನ ಹಿಂದೆ ಇರುವ ಸಣ್ಣ ಬಟ್ಟೆಯ ಒತ್ತು ಉದುರಿದ್ದರೆ ಗಾಬರಿ ಬೇಡ. ಸ್ಕ್ರೂ ಇರುವ ಇನ್ನೊಂದು ಕ್ಯಾಸೆಟ್‌ನ ಚಿಪ್ಪಿಗೆ ಟೇಪನ್ನು ವರ್ಗಾಯಿಸಬಹುದು.

ಆಮೇಲೆ ಪ್ರತಿ ತೆಗೆಯುವುದು. ಸುಸ್ಥಿತಿಯಲ್ಲಿರುವ ಡೆಕ್ ಸಿಕ್ಕರೆ ಅದರ ತಲೆಯನ್ನು ಶುಚಿಗೊಳಿಸಿ, ತಂತಿಯ ಮೂಲಕ ಕಂಪ್ಯೂಟರಿಗೆ ಜೋಡಿಸಬೇಕು. ಟೇಪ್ ರೆಕಾರ್ಡರ್ ಮುಂದೆ ಫೋನ್ ಹಿಡಿದು ಮುದ್ರಿಸಿದರೆ ಕೋಣೆಯ ಫ್ಯಾನಿನ ಸದ್ದೂ ಸೇರಿಕೊಳ್ಳುತ್ತದೆ. ಆಡಾಸಿಟಿಯಂಥ ಉಚಿತ ತಂತ್ರಾಂಶ ಈ ಕೆಲಸಕ್ಕೆ ಸಾಕು. ಮೂಲ ಪ್ರತಿಯನ್ನು ಎಂಪಿ3 ಆಗಿ ಉಳಿಸಬೇಡಿ, ವೇವ್ ಕಡತವಾಗಿ ಉಳಿಸಿ. ಎಂಪಿ3 ಎಂದರೆ ಜಾಗ ಉಳಿಸಲು ಧ್ವನಿಯ ಒಂದು ಭಾಗವನ್ನು ಬಿಸಾಡಿದ ಪ್ರತಿ. ಬಿಸಾಡಿದ್ದು ಮರಳಿ ಬರುವುದಿಲ್ಲ. ಕೇಳಲು, ಹಂಚಲು ಬೇಕಾದಾಗ ಮೂಲದಿಂದ ಎಂಪಿ3 ಮಾಡಿಕೊಳ್ಳಬಹುದು.

ದೊಡ್ಡ ಸಂಗ್ರಹಾಲಯಗಳು 24 ಬಿಟ್, 96 ಕಿಲೋಹರ್ಟ್ಸ್ ಮಟ್ಟದಲ್ಲಿ ಮುದ್ರಿಸಿಕೊಳ್ಳುತ್ತವೆ. ನಮ್ಮ ಬಯಾನ್ ಕ್ಯಾಸೆಟ್‌ಗಳಿಗೆ 24 ಬಿಟ್, 48 ಕಿಲೋಹರ್ಟ್ಸ್ ಕೂಡ ನಡೆಯುತ್ತದೆ. ಲೆಕ್ಕ ಹೀಗಿದೆ: ಈ ಮಟ್ಟದಲ್ಲಿ ಒಂದು ಗಂಟೆಯ ಸ್ಟೀರಿಯೊ ಧ್ವನಿಗೆ ಸುಮಾರು 1 ಜಿ.ಬಿ. ಬೇಕು. 90 ನಿಮಿಷದ ನೂರು ಕ್ಯಾಸೆಟ್‌ಗಳಿಗೆ ಸುಮಾರು 155 ಜಿ.ಬಿ. ಅಂದರೆ ಒಂದು ಮಸೀದಿಯ ಇಡೀ ಹಳೆಯ ಸಂಗ್ರಹ ಅಂಗೈಯಗಲದ ಒಂದು ಡಿಸ್ಕಿನಲ್ಲಿ ಹಿಡಿಸಿ, ಇನ್ನೂ ಜಾಗ ಉಳಿಯುತ್ತದೆ. ಒಂದು ಎಚ್ಚರ: ಪ್ರತಿ ತೆಗೆದಾಯಿತು ಎಂದು ಮೂಲ ಕ್ಯಾಸೆಟ್ಟನ್ನು ಎಸೆಯಬೇಡಿ. ಮುಂದೆ ಇನ್ನೂ ಉತ್ತಮ ವಿಧಾನ ಬಂದರೆ ಮತ್ತೆ ಅದರ ಬಳಿಗೇ ಹೋಗಬೇಕಾಗುತ್ತದೆ.

ಕಡತ ಸದ್ದಿಲ್ಲದೆ ಕೆಡುವುದೂ ಉಂಟು. ಅದನ್ನು ಕಂಡುಹಿಡಿಯಲು ಪ್ರತಿ ಕಡತಕ್ಕೂ ಬೆರಳಚ್ಚಿನಂಥ ಒಂದು ಸಂಖ್ಯೆಯನ್ನು ಕಂಪ್ಯೂಟರಿನಿಂದ ಪಡೆಯುವ ಕ್ರಮವಿದೆ. ಇದನ್ನು ಚೆಕ್‌ಸಮ್ ಎನ್ನುತ್ತಾರೆ. ಕಡತದಲ್ಲಿ ಒಂದೇ ಒಂದು ಅಂಶ ಬದಲಾದರೂ ಈ ಸಂಖ್ಯೆ ಪೂರ್ತಿ ಬದಲಾಗುತ್ತದೆ. ವರ್ಷಕ್ಕೊಮ್ಮೆ, ರಂಜಾನಿಗೆ ಮೊದಲು ಎಂದಿಟ್ಟುಕೊಳ್ಳಿ, ಇವನ್ನು ತಾಳೆ ನೋಡಿದರೆ ಕೆಟ್ಟ ಪ್ರತಿ ತಿಳಿಯುತ್ತದೆ, ಒಳ್ಳೆಯ ಪ್ರತಿಯಿಂದ ಸರಿಪಡಿಸಬಹುದು.

ಸನದ್ ಇಲ್ಲದ ಧ್ವನಿ

ಹದೀಸ್ ವಿದ್ಯೆಯ ಹಿರಿಮೆ ನಮಗೆ ಗೊತ್ತು. ಯಾರು ಹೇಳಿದರು, ಅವರಿಂದ ಯಾರು ಕೇಳಿದರು, ಆ ಕೇಳಿದವರು ಎಂಥವರು ಎಂಬ ಸರಪಳಿ ಸರಿಯಾಗಿದ್ದರೆ ಮಾತ್ರ ಮುಹದ್ದಿಸರು ಮಾತನ್ನು ಸ್ವೀಕರಿಸುತ್ತಿದ್ದರು. ಇಂದು ಸಂಗ್ರಹಾಲಯದವರು ಮೆಟಾಡೇಟಾ ಎಂದು ಕರೆಯುವುದು ಧ್ವನಿಯ ಈ ಬಗೆಯ ಸನದನ್ನೇ. ಪ್ರತಿ ಕ್ಯಾಸೆಟ್‌ಗೂ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ: ಮಾತಾಡಿದವರು ಯಾರು, ಊರು ಯಾವುದು, ಹಿಜರಿ ಮತ್ತು ಇಂಗ್ಲಿಷ್ ದಿನಾಂಕ ಏನು, ಸಂದರ್ಭ ಯಾವುದು, ಭಾಷೆ ಯಾವುದು, ಮುದ್ರಿಸಿಕೊಂಡವರು ಯಾರು, ಪ್ರತಿ ತೆಗೆದವರು ಯಾರು. ದಿನಾಂಕ ನಿಖರವಾಗಿ ತಿಳಿಯದಿದ್ದರೆ ಅಂದಾಜು ಎಂದೇ ಬರೆಯಿರಿ. ಈಗ ಈ ಧ್ವನಿಗಳನ್ನು ಗುರುತಿಸಬಲ್ಲವರು ನಮ್ಮ ಮನೆಯ ಎಪ್ಪತ್ತು, ಎಂಬತ್ತು ವರ್ಷದ ಹಿರಿಯರು. ಅವರ ಪಕ್ಕದಲ್ಲಿ ಕುಳಿತು ಕೇಳಿಸಿ ಬರೆದುಕೊಳ್ಳುವ ಕೆಲಸ ಮುಂದೂಡಿದರೆ, ಟೇಪು ಉಳಿದರೂ ಅದರಲ್ಲಿರುವವರು ಯಾರೆಂದು ಹೇಳುವವರು ಇರುವುದಿಲ್ಲ.

ಈ ಸನದ್‌ಗೆ ಇಂದು ಇನ್ನೊಂದು ಕಾರಣಕ್ಕೆ ಬೆಲೆ ಬಂದಿದೆ. ಒಬ್ಬರ ಧ್ವನಿಯ ಸಣ್ಣ ತುಣುಕಿನಿಂದಲೇ ಅವರು ಆಡದ ಮಾತನ್ನು ಅವರದೇ ದನಿಯಲ್ಲಿ ಹುಟ್ಟಿಸಬಲ್ಲ ಕೃತಕ ಬುದ್ಧಿಮತ್ತೆಯ ತಂತ್ರಾಂಶಗಳು ಬಂದಿವೆ. ಒಂದು ಬಯಾನ್‌ನ ಅರ್ಧ ವಾಕ್ಯ ಕತ್ತರಿಸಿ ಹರಡಿ ಊರಿನ ನೆಮ್ಮದಿ ಕೆಡಿಸುವುದು ಅದಕ್ಕಿಂತಲೂ ಸುಲಭ. ಪೂರ್ತಿ ಬಯಾನ್‌ನ ಮೂಲ ಪ್ರತಿ, ದಿನಾಂಕ, ಬೆರಳಚ್ಚಿನ ಸಂಖ್ಯೆ ಸಮೇತ ಜಮಾಅತ್‌ನ ಬಳಿ ಇದ್ದರೆ, ನಿಜವಾಗಿ ಹೇಳಿದ್ದು ಇದು ಎಂದು ಆ ದಿನವೇ ತೋರಿಸಬಹುದು. ಕಾಪಿಟ್ಟ ಧ್ವನಿ ಹೀಗೆ ಸಾಕ್ಷಿಯೂ ಆಗುತ್ತದೆ.

ಯಾರ ಧ್ವನಿ, ಯಾರ ಒಪ್ಪಿಗೆ?

ಎಲ್ಲವನ್ನೂ ಉಳಿಸಬೇಕು ಎಂದರೆ ಎಲ್ಲವನ್ನೂ ಎಲ್ಲರಿಗೂ ಕೇಳಿಸಬೇಕು ಎಂದಲ್ಲ. ಮದುವೆ ಮನೆಯ ಹೆಂಗಸರ ಕೋಣೆಯಲ್ಲಿ ತೆಗೆದ ವಿಡಿಯೊ ಆ ಕುಟುಂಬದ್ದು. ತಾಯಿ ಮಗನಿಗೆ ಕಳಿಸಿದ ಕ್ಯಾಸೆಟ್ ಪತ್ರದಲ್ಲಿ ಸಾಲದ ಮಾತಿರಬಹುದು, ಸೊಸೆಯ ಮೇಲಿನ ದೂರಿರಬಹುದು. ಅದನ್ನು ಇಂಟರ್ನೆಟ್ಟಿಗೆ ಹಾಕುವುದು ಉಳಿಸುವುದಲ್ಲ, ಇನ್ನೊಬ್ಬರ ಮರ್ಯಾದೆಯನ್ನು ಬೀದಿಗೆ ತರುವುದು. ಅಂಥ ಕ್ಯಾಸೆಟ್‌ನ ಮೇಲೆ 'ಕುಟುಂಬಕ್ಕೆ ಮಾತ್ರ' ಎಂದು ಬರೆಯಬೇಕು. ಡಿಜಿಟಲ್ ಮಾಡಿಸಲು ಅಂಗಡಿಗೆ ಕೊಡುವ ಮುನ್ನ ಪ್ರತಿ ಯಾರ ಬಳಿ ಉಳಿಯುತ್ತದೆ ಎಂದು ಕೇಳಬೇಕು. ಚಿತ್ರ, ವಿಡಿಯೊ ಬಗ್ಗೆ ಮನೆಮನೆಗೂ ನಿಲುವು ಬೇರೆಯಿರಬಹುದು. ಬೇಡ ಎನ್ನುವವರು ಧ್ವನಿಯನ್ನಷ್ಟೇ ಉಳಿಸಿಕೊಳ್ಳಲಿ.

ಬಯಾನ್ ಕೊಟ್ಟವರಿಗೂ ಹಕ್ಕಿದೆ. ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಗಾಯಕ, ನಟರ ಜೊತೆ ಉಪನ್ಯಾಸ ನೀಡುವವರನ್ನೂ ಪ್ರದರ್ಶಕರ ಪಟ್ಟಿಯಲ್ಲಿ ಸೇರಿಸಲಾಗಿದೆ. ಅವರ ಹಕ್ಕು 50 ವರ್ಷ ಇರುತ್ತದೆ. ಆದ್ದರಿಂದ ಮೌಲಾನಾ ಅವರ, ಅವರು ತೀರಿಕೊಂಡಿದ್ದರೆ ಮನೆಯವರ ಒಪ್ಪಿಗೆ ಪಡೆದು, ಅದನ್ನು ಒಂದು ಹಾಳೆಯಲ್ಲಿ ಬರೆಸಿಕೊಳ್ಳುವುದು ಒಳ್ಳೆಯದು.

ಇದರ ಜೊತೆಗೆ ಹಿಂದಿರುಗಿಸುವ ಪದ್ಧತಿಯೂ ಬೆಳೆದಿದೆ. ನೆದರ್ಲೆಂಡ್ಸಿನ ಅರ್ನಾಲ್ಡ್ ಬಾಕೆ 1938ರಲ್ಲಿ ದಕ್ಷಿಣ ಭಾರತದಲ್ಲಿ ಹಾಡುಗಳನ್ನು ಮುದ್ರಿಸಿಕೊಂಡಿದ್ದರು. 1984ರಲ್ಲಿ ನಜೀರ್ ಜೈರಾಜ್‌ಭಾಯ್ ಮತ್ತು ಆಮಿ ಕ್ಯಾಟ್ಲಿನ್ ಆ ಧ್ವನಿಗಳೊಂದಿಗೆ ತಮಿಳುನಾಡು, ಕೇರಳ, ಕರ್ನಾಟಕದಲ್ಲಿ ಮತ್ತೆ ಅಲೆದು, ಹಾಡಿದ ಸಮುದಾಯಗಳನ್ನು ಹುಡುಕಿದರು. ಧ್ವನಿ ಕೊಟ್ಟವರಿಗೇ ಅದು ಮೊದಲು ಸಲ್ಲಬೇಕು ಎಂಬ ತಿಳುವಳಿಕೆ ಇಂದು ಎಲ್ಲೆಡೆ ಗಟ್ಟಿಯಾಗಿದೆ. ನಾವೂ ಯಾರದಾದರೂ ಅಜ್ಜಿಯ ಹಾಡು ಮುದ್ರಿಸಿಕೊಂಡರೆ ಒಂದು ಪ್ರತಿ ಅವರ ಮನೆಗೆ ಮೊದಲು ಕೊಡೋಣ.

ಜಮಾಅತ್ ಮಾಡಬಹುದಾದದ್ದು

ಒಂದು ಮಸೀದಿಗೆ ಒಂದು ಡೆಕ್, ಎರಡು ಡಿಸ್ಕ್, ಒಂದು ನೋಟ್‌ಬುಕ್ ಸಾಕು. ಕಂಪ್ಯೂಟರ್ ಬಲ್ಲ ಇಬ್ಬರು ಹುಡುಗ ಹುಡುಗಿಯರು ಮತ್ತು ಹಳೆಯ ಧ್ವನಿ ಗುರುತಿಸಬಲ್ಲ ಇಬ್ಬರು ಹಿರಿಯರು ಕೂಡಿದರೆ ಕೆಲಸ ಶುರುವಾಗುತ್ತದೆ. ಹೆಣ್ಣುಮಕ್ಕಳ ಹಾಡು, ನೆನಪುಗಳನ್ನು ಹೆಣ್ಣುಮಕ್ಕಳೇ ದಾಖಲಿಸಲಿ. ಡಿಸ್ಕಿನ ಹೊಣೆ ಯಾರದು ಎಂಬುದು ಕಮಿಟಿಯ ಪುಸ್ತಕದಲ್ಲಿ ಬರೆದಿರಲಿ. ಕಮಿಟಿ ಬದಲಾದಾಗ ಮಸೀದಿಯ ಬೀಗದ ಕೈಗಳ ಜೊತೆ ಅದೂ ಲೆಕ್ಕಕ್ಕೆ ಬಂದು ಕೈ ಬದಲಾಯಿಸಲಿ. ಐದು ವರ್ಷಕ್ಕೊಮ್ಮೆ ಹೊಸ ಡಿಸ್ಕಿಗೆ ವರ್ಗಾಯಿಸಲು ಸ್ವಲ್ಪ ಹಣ ಮೀಸಲಿರಲಿ. ಅಕ್ಟೋಬರ್ 27 ಧ್ವನಿ ಮತ್ತು ದೃಶ್ಯ ಪರಂಪರೆಯ ವಿಶ್ವ ದಿನವೆಂದು ಯುನೆಸ್ಕೊ 2005ರಲ್ಲಿ ಗೊತ್ತುಪಡಿಸಿದೆ. ಆ ವಾರದಲ್ಲಿ ಒಂದು ಸಂಜೆ ಊರಿನವರು ತಮ್ಮ ಮನೆಯ ಟೇಪು ತಂದು ಕೇಳಿಸುವ ಏರ್ಪಾಡು ಮಾಡಬಹುದು.

ಯಮಾಮಾ ಯುದ್ಧದಲ್ಲಿ ಕುರ್‌ಆನ್ ಕಂಠಪಾಠ ಮಾಡಿದ್ದ ಅನೇಕ ಸಹಾಬಿಗಳು ಹುತಾತ್ಮರಾದಾಗ ಹ. ಉಮರ್(ರ) ಚಿಂತೆಗೊಳಗಾಗಿ ಖಲೀಫಾ ಅಬೂಬಕರ್(ರ) ಅವರ ಬಳಿ ಹೋದರು. ಹ. ಝೈದ್ ಬಿನ್ ಸಾಬಿತ್(ರ) ಅವರಿಗೆ ಹೊಣೆ ಬಿತ್ತು. ಖರ್ಜೂರದ ಗರಿದಂಟು, ಕಲ್ಲುಚಪ್ಪಡಿ ಮತ್ತು ಜನರ ಎದೆಗಳಲ್ಲಿದ್ದುದನ್ನು ಅವರು ಒಟ್ಟುಗೂಡಿಸಿದರು. ಮುಂದೆ ಹ. ಉಸ್ಮಾನ್(ರ) ಪ್ರತಿಗಳನ್ನು ಮಾಡಿಸಿ ಬೇರೆ ಬೇರೆ ನಗರಗಳಿಗೆ ಕಳಿಸಿದರು. ಅಲ್ಲಾಹನ ಗ್ರಂಥದ ರಕ್ಷಣೆಯ ಹೊಣೆ ಅಲ್ಲಾಹನದ್ದೇ. ನಮ್ಮ ಕ್ಯಾಸೆಟ್‌ಗಳನ್ನು ಅದಕ್ಕೆ ಹೋಲಿಸುವಂತಿಲ್ಲ. ಆದರೆ ಬಲ್ಲವರು ಒಬ್ಬೊಬ್ಬರಾಗಿ ಅಗಲುತ್ತಿದ್ದಾರೆ ಎಂದು ಕಂಡಾಗ ಕೈಕಟ್ಟಿ ಕೂರದ ಅವರ ಎಚ್ಚರ ನಮಗೂ ಪಾಠವೇ.

ನಮ್ಮ ಹಿರಿಯರು ಬಿಟ್ಟುಹೋದ ಒಳ್ಳೆಯ ಮಾತು ನಮ್ಮ ಕೈಯಲ್ಲಿರುವ ಅಮಾನತ್. ಅದನ್ನು ಮುಂದಿನವರಿಗೆ ಒಪ್ಪಿಸುವ ಮುನ್ನ ನಮ್ಮ ಕೈಯಲ್ಲೇ ಅದು ಪುಡಿಯಾಗದಿರಲಿ. ಈ ಜುಮಾದ ನಂತರ ಮನೆಗೆ ಹೋಗಿ ಬೀರುವಿನ ಕೆಳಗಿನ ಅರೆಯನ್ನೊಮ್ಮೆ ತೆರೆದು ನೋಡೋಣ. ಅಗಲಿದ ನಮ್ಮ ಹಿರಿಯರೆಲ್ಲರಿಗೂ ಅಲ್ಲಾಹನು ಮಗ್‌ಫಿರತ್ ದಯಪಾಲಿಸಲಿ, ಅವರ ಒಳ್ಳೆಯ ಮಾತುಗಳನ್ನು ಉಳಿಸಿ ಅವುಗಳಂತೆ ನಡೆಯುವ ಶಕ್ತಿಯನ್ನು ನಮಗೆ ಕರುಣಿಸಲಿ. ಆಮೀನ್.